ತೋಳಿನ ಅಳತೆ

"ಕೈ ನೀಡು," ಎಂದು ಕಾಂತರಾಜು ಹೆಂಡತಿ ಬೃಂದಾಳ ಕಂಕುಳಿಗೆ ಟೇಪಿನ ತುದಿ ಒತ್ತಿದ. ಹವಳ, ಕಡಲಮೀನು ಸಾಕಲು ಹುಣಸೂರಿನ ತನ್ನ ಮನೆಯ ಹಾಲ್‌ನಲ್ಲಿ ಇನ್ನೂ ದೊಡ್ಡ ಗಾಜಿನ ತೊಟ್ಟಿ ಕೂರಿಸಬೇಕೆಂದು ಮೈಸೂರಿನಿಂದ ಗಾಜಿನವನನ್ನು ಕರೆಸಿದ್ದ. "ಇವಳ ಕೈ ತಳಕ್ಕೆ ಎಟುಕೋ ಅಷ್ಟೇ ಆಳ ಇರ್ಲಿ ಕಣಪ್ಪ. ಹಳೇದು ಆಳ ಜಾಸ್ತಿಯಾಗಿ ಗಲೀಜು ಅಂಗೇ ಉಳ್ಕೊಂಡ್ಬುಡ್ತದೆ."

ಬೃಂದಾಳ ತೋಳು ಇನ್ನೂ ನಾರುತ್ತಿತ್ತು. ಬೆಳಿಗ್ಗೆ ತಾನೇ ಅವಳು ಸ್ಟೂಲಿನ ಮೇಲೆ ನಿಂತು, ಹಳೆಯ ತೊಟ್ಟಿಯ ಉಪ್ಪುನೀರಿಗೆ ಕೆನ್ನೆ ತಾಗುವಷ್ಟು ಬಾಗಿ, ಹವಳದಡಿ ಕೊಳೆತ ಮೀನನ್ನು ಬೆರಳಲ್ಲಿ ಬಾಚಿ ತೆಗೆದಿದ್ದಳು. ಉಗುರಿನೊಳಗೆ ಸೇರಿದ ಲೋಳೆ ಎಷ್ಟು ಸೋಪು ಹಾಕಿದರೂ ಹೋಗಿರಲಿಲ್ಲ. ಗಂಡ ಆಗ ಸೋಫಾದಲ್ಲಿ ಕೂತು, "ಇನ್ನೊಂಚೂರು ಒಳಕ್ಕೆ ಆಕು," ಅನ್ನುತ್ತಿದ್ದ.

ಈಗ ಕೋಲು ಅಳೆದಂತೆ ತನ್ನ ತೋಳನ್ನು ಅಳೆಯುತ್ತಿದ್ದ ಅವನ ಬೆರಳು ಕಂಡು, ಕೊಳೆತ ಮೀನು ಮುಟ್ಟಿದಾಗಲೂ ಬಾರದಷ್ಟು ಹೇಸಿಗೆ ಅವಳಿಗೆ ಬಂತು. ಟೇಪು ಕಿತ್ತುಕೊಂಡಳು. ಅವನ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ತೋಳನ್ನು ಭುಜದವರೆಗೆ ಸರಿಸಿ, ಕಂಕುಳಿಂದ ಬೆರಳ ತುದಿಯವರೆಗೆ ಟೇಪನ್ನು ಬಿಗಿಯಾಗಿ ಎಳೆದು ಹಿಡಿದಳು.

"ಇಪ್ಪತ್ತೆಂಟು ಇಂಚು, ಬರ್ಕೊಳಿ," ಎಂದಳು ಗಾಜಿನವನಿಗೆ. "ಇನ್ಮೇಲೆ ತೊಟ್ಟಿಗೆ ಇಳಿಯೋದು ಈ ಕೈಯೇ."