ಕುರ್ಚಿ ಬಿಟ್ಟ ಬ್ಯಾಂಡು

ಮೂರನೇ ಸಲವೂ ಕೆಟ್ಟಿತು. ಲೋಕೇಶ ಹೆಡ್‌ಫೋನ್ ತೆಗೆದು ಲ್ಯಾಪ್‌ಟಾಪಿನ ಪಕ್ಕಕ್ಕಿಟ್ಟ. ಹುಬ್ಬಳ್ಳಿಯಿಂದ ಮೈಕು, ಸ್ಪೀಕರು, ರೆಕಾರ್ಡಿಂಗ್ ಸಾಮಾನು ತಂದವನು ಅವನು. ಬೈಯಲಿಲ್ಲ, ಬೈದಿದ್ದರೇ ಎಷ್ಟೋ ವಾಸಿಯಿತ್ತು ಎನಿಸಿತು ಮಲಕಪ್ಪನಿಗೆ.

"ನಾಲ್ಕು ಮಂದಿ, ನಾಲ್ಕು ದಾರಿ," ಎಂದಷ್ಟೇ ಹೇಳಿದ ಲೋಕೇಶ.

ಮಲಕಪ್ಪ ಹಳಿಯಾಳದ ಬ್ಯಾಂಡ್ ಮಾಸ್ತರ. ಮದುವೆ ಮೆರವಣಿಗೆಯ ಮುಂದೆ ಕ್ಲಾರಿನೆಟ್ ಊದುತ್ತ ದಾಂಡೇಲಿಯ ಈ ಕಲ್ಯಾಣ ಮಂಟಪಕ್ಕೆ ನಲವತ್ತು ವರ್ಷ ಬಂದಿದ್ದಾನೆ, ಆದರೆ ಬಾಗಿಲತನಕ ಮಾತ್ರ. ವರ ಒಳಗೆ, ಬ್ಯಾಂಡು ಹೊರಗೆ. ಇವತ್ತು ಮೊದಲ ಸಲ ಊಟದ ಹಾಲಿನೊಳಗೆ ಕರೆದು, ಕುರ್ಚಿ ಒರೆಸಿ, "ಕೂಡ್ರಿ ಕಾಕಾ" ಅಂದವಳು ಸಹನಾ. ಪೇಪರ್ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು, ನೋಡಿದರೆ ಗುಬ್ಬಚ್ಚಿ. ಗಿಟಾರು ಕೊರಳಿಗೆ ಹಾಕಿಕೊಂಡಳೆಂದರೆ ಮಾತ್ರ ಹೊಟ್ಟೆಯೊಳಗಿಂದ ಹುಲಿ ಗುರುಗುಟ್ಟುತ್ತದೆ. ಅದಕ್ಕೆ ಮೆಟಲ್ ಹಾಡು ಅನ್ನುತ್ತಾರಂತೆ. ಆ ಗದ್ದಲದ ಹಿಂದೆ ದೊಡ್ಡ ವಾದ್ಯವೃಂದ ಎದ್ದು ನಿಲ್ಲಬೇಕು ಎಂಬುದು ಅವಳ ಆಸೆ. ಕಂಪ್ಯೂಟರಿನಲ್ಲಿ ಅಂಥದ್ದೊಂದು ತಯಾರೂ ಇತ್ತು. ಅದು ಬೇಡವೆಂದು ಮಲಕಪ್ಪನ ನಾಲ್ಕು ಮಂದಿಯ ಬ್ಯಾಂಡನ್ನು ಕರೆಸಿದ್ದಳು.

"ಸಹನಾ, ನಾಕ್ ಗಂಟೇಕ್ಕ ಹಾಲ್ ಬಿಡಬೇಕು," ಅಂದ ಲೋಕೇಶ. "ಕಂಪ್ಯೂಟರಿಂದು ಇರ್ಲಿ ಬಿಡು. ಐವತ್ತು ಮಂದಿ ಅದಾರ ಅದರಾಗ. ಒಬ್ಬರೂ ತಾಳ ತಪ್ಪಂಗಿಲ್ಲ."

"ಚಹಾನೂ ಕೇಳಂಗಿಲ್ಲ," ಅಂದ ಟ್ರಂಪೆಟಿನ ತುಳಸಿರಾಮ.

"ಅವ್ರಿಗೆ ದಮ್ಮು ಹತ್ತಂಗಿಲ್ಲ, ಲೋಕೇಶ. ನನ್ನ ಹಾಡಿಗೆ ದಮ್ಮು ಹತ್ತೋ ಮಂದಿ ಬೇಕು." ಸಹನಾ ಮಲಕಪ್ಪನ ಕಡೆ ತಿರುಗಿದಳು. "ಕಾಕಾ, ಇನ್ನೊಂದ ಸಲ?"

ಮಲಕಪ್ಪನಿಗೆ ನಾಚಿಕೆಯಾಯಿತು. ಡಿಜೆ ಬಂದ ಮೇಲೆ ಮೂರು ಮದುವೆ ಸುಗ್ಗಿ ಅವರನ್ನು ಯಾರೂ ಕರೆದಿರಲಿಲ್ಲ. ಇವತ್ತು ಈ ಕಂಪ್ಯೂಟರ್ ಪೆಟ್ಟಿಗೆಯೂ ಅವರನ್ನು ಮನೆಗೆ ಕಳಿಸಿದರೆ ಬ್ಯಾಂಡಿನ ಕತೆ ಮುಗಿದ ಹಾಗೆಯೇ. ಹಾಡಿನ ತಾಳ ಕೇಳಲೆಂದು ಕೊಟ್ಟ ಇಯರ್‌ಫೋನನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಊದಲು ತೊಡಗಿದ. ಅರ್ಧ ನಿಮಿಷ ಆಗಿರಬೇಕು, ಕಣ್ಣು ತುಳಸಿರಾಮನ ಮೇಲೆ ಬಿತ್ತು. ಟ್ರಂಪೆಟ್ ಬಾಯಲ್ಲೇ ಇದೆ, ಕತ್ತು ಮಾತ್ರ ಕುರ್ಚಿಯ ಕೆಳಗೆ ಏನೋ ಹುಡುಕುತ್ತಿದೆ. ಮಲಕಪ್ಪ ನಿಲ್ಲಿಸಿದ.

"ಕೆಳಗೇನ್ ನೋಡಾಕತ್ತೀಯೋ?"

"ನಿಮ್ಮ ಹಿಮ್ಮಡ ರೀ ಮಾಸ್ತರ್ರ. ಕಾಣವಲ್ದು."

ಮಲಕಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. ಇಷ್ಟು ವರ್ಷ ಅವನು ಮುಂದೆ, ಉಳಿದವರು ಹಿಂದೆ. ಅವರು ಅವನ ಮುಖ ನೋಡಿದ್ದು ಯಾವಾಗ? ಎದ್ದು ಬೀಳುವ ಅವನ ಹಿಮ್ಮಡಿಯೇ ಅವರ ತಾಳ. ಅದೀಗ ಕುರ್ಚಿಯಡಿ ಮಡಚಿ ಕೂತಿತ್ತು.

ಆದರೆ ಕುರ್ಚಿ ಬಿಡಲು ಮನಸ್ಸಿರಲಿಲ್ಲ. ದೊಡ್ಡ ದೊಡ್ಡ ಊರುಗಳಲ್ಲಿ ಕರಿ ಕೋಟಿನವರು ಸಾಲಾಗಿ ಕೂತು ನುಡಿಸುವ ವಿಡಿಯೋ ಸಹನಾ ತೋರಿಸಿದ್ದಳು. ಅದನ್ನು ನೋಡಿಯೇ ಮಲಕಪ್ಪ ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದಿದ್ದ. ಒಂದು ಗಳಿಗೆ ಕುರ್ಚಿಯ ಕೈ ಸವರಿದ. ಆಮೇಲೆ ಎದ್ದು, ತಾನೇ ಅದನ್ನು ಗೋಡೆಗೆ ಸರಿಸಿದ.

"ತಮ್ಮಾ, ಮೈಕ್ ನಟ್ಟನಡುವ ಇಡು. ನಾವು ಸುತ್ತ ನಡೀತೇವಿ."

"ಹೆಜ್ಜಿ ಸಪ್ಪಳ ಬರ್ತೈತ್ರಿ!"

"ಚಪ್ಪಲಿ ಬಿಡ್ತೇವಿ."

ಮುಂದೆ ಮಾಸ್ತರ, ಹಿಂದೆ ಉಳಿದಿಬ್ಬರು, ಅವರ ಹಿಂದೆ ತುಳಸಿರಾಮ. ಒಂದು ಸುತ್ತು ಮುಗಿಯುವಷ್ಟರಲ್ಲಿ ನಾಲ್ಕು ಉಸಿರು ಒಂದಾಯಿತು. ಎರಡನೇ ಸುತ್ತಿಗೆ ಹಾಲಿನ ಕಿಟಕಿ ಗಾಜುಗಳು ಅದುರಿದವು. ಸಹನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು, ಕಣ್ಣಲ್ಲಿ ನೀರು. ಮಲಕಪ್ಪನಿಗೆ ಹತ್ತು ವರ್ಷ ವಯಸ್ಸು ಇಳಿದಂತಾಯಿತು.

ಲೋಕೇಶ ರೆಕಾರ್ಡಿಂಗನ್ನು ಎರಡು ಸಲ ಕೇಳಿದ. "ಅಡ್ಡಿಯಿಲ್ಲ, ಭಾರೀ ಆಗೇತಿ," ಎಂದು ಒಪ್ಪಿಕೊಂಡ. "ಆದ್ರ ತಳದಾಗ ದಪ್ಪ ದನಿ ಒಂದು ಕಡಿಮಿ ಬೀಳ್ತೈತ್ರಿ. ಮತ್ತ ತುಳಸಿರಾಮ ಅವ್ರ ಬಾಜೂಕ ಒಬ್ಬರ ಜಾಗಾ ಯಾಕ ಖಾಲಿ ಬಿಟ್ಟೀರಿ?"

ತುಳಸಿರಾಮ ನೆಲ ನೋಡಿದ.

"ಅದು ಲಚ್ಚಪ್ಪಂದು," ಅಂದ ಮಲಕಪ್ಪ. "ದೊಡ್ಡ ಕಹಳಿ ಊದಾಂವ. ಹ್ವಾದ ವರ್ಷ ತೀರಿಹೋದ."

ಲೋಕೇಶ ತಡವರಿಸಿದ. "ಆ ದನಿ... ಇದರಾಗ ಐತ್ರಿ." ಬೆರಳು ಲ್ಯಾಪ್‌ಟಾಪಿನ ಕಡೆಗಿತ್ತು. ಸಹನಾ ಅವನನ್ನು ತಿನ್ನುವಂತೆ ನೋಡಿದಳು.

ಮಲಕಪ್ಪ 'ಬೇಡ' ಅನ್ನುವವನಿದ್ದ. ಆದರೆ ಮೆರವಣಿಗೆಯಲ್ಲಿ ಕುಣಿಯಲು ಬಂದ ಅಪರಿಚಿತರನ್ನೂ ಕೈಹಿಡಿದು ಸಾಲಿಗೆ ಎಳೆದುಕೊಳ್ಳುತ್ತಿದ್ದ ಲಚ್ಚಪ್ಪನ ನೆನಪಾಯಿತು. ಹಾಲಿನ ಮೂಲೆಯಲ್ಲಿ, ಸಾರಿನ ಪಾತ್ರೆ ಇಟ್ಟು ಬಡಿಸುವ ತಳ್ಳುಗಾಡಿಯೊಂದು ನಿಂತಿತ್ತು.

"ಸ್ಪೀಕರ್ ಆ ಗಾಡಿ ಮ್ಯಾಲೆ ಇಡು. ಲಚ್ಚಪ್ಪನ ಜಾಗಾದಾಗ ಅದೂ ನಮ್ಮ ಜೋಡಿ ನಡೀಲಿ."

"ದೂಡವ್ರು ಯಾರ್ರಿ?"

ಮಲಕಪ್ಪ ಆಗಲೇ ಸಾಲಿನ ಮುಂದೆ ಹೋಗಿ ನಿಂತಿದ್ದ. ತಿರುಗಿ ನೋಡದೆ ಹೇಳಿದ:

"ನೀನ ದೂಡು. ಬೂಟು ಬಿಚ್ಚು, ಕಣ್ಣು ನನ್ನ ಹಿಮ್ಮಡದ ಮ್ಯಾಲೆ ಇರ್ಲಿ."