ಮೂರು ವರ್ಷದ ಅನುಭವ

"ಅರೆ ಸರ್, ನೀವೂ ಇದೇ ಕಂಪನಿಯಿಂದ ಬಂದವರಲ್ವಾ?"

ನೇಮಕಾತಿ ವಿಭಾಗದ ಹೆಂಗಸು ಅರ್ಜಿಯಲ್ಲಿದ್ದ ಹಳೆಯ ಕಂಪನಿಯ ಹೆಸರಿನ ಮೇಲೆ ಬೆರಳಿಟ್ಟು ತಲೆಯೆತ್ತಿ, ಪಕ್ಕದಲ್ಲಿದ್ದ ತಾಂತ್ರಿಕ ಮುಖ್ಯಸ್ಥನನ್ನು ನೋಡಿ ನಕ್ಕಳು. ಅವನು ನಗಲಿಲ್ಲ. ಮೇಜಿನ ಈಚೆ, ಕೆಲಸ ಕೇಳಿ ಬಂದವಳು ಕುರ್ಚಿಯ ತುದಿಗೆ ಸರಿದಳು.

ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿ ನಡೆದಿತ್ತು. ಬೆಳಗಿನ ಪರೀಕ್ಷೆಯಲ್ಲಿ ಅವಳೇ ಮೊದಲು. ಕೆಟ್ಟಿದ್ದ ಪ್ರೋಗ್ರಾಮೊಂದನ್ನು ಕೊಟ್ಟಾಗ ಮಿಕ್ಕವರು ಓದಿ ಮುಗಿಸುವಷ್ಟರಲ್ಲಿ ಸರಿಮಾಡಿ ಇಟ್ಟಿದ್ದಳು. ವಿದ್ಯೆಯಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದದ್ದು ಅರ್ಜಿಯ ಒಂದು ಸಾಲಿನಲ್ಲಿ. ಈ ಸಾಫ್ಟ್‌ವೇರ್ ಸಲಹಾ ಸಂಸ್ಥೆಗೆ ಮೂರು ವರ್ಷದ ಅನುಭವ ಇದ್ದವರೇ ಬೇಕಿತ್ತು. ಅವಳ ಮೂರು ವರ್ಷ ಆಸ್ಪತ್ರೆಯಲ್ಲಿ, ಗಂಡನ ಮಂಚದ ಪಕ್ಕದಲ್ಲಿ ಕಳೆದುಹೋಗಿತ್ತು. ಅದನ್ನು ಯಾರೂ ಅನುಭವವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಒಬ್ಬನ ಬಳಿ ಅನುಭವ ಪತ್ರ ಕೊಂಡಿದ್ದಳು. ಸರ್ಟಿಫಿಕೇಟ್ ಅಣ್ಣ ಎಂದೇ ಅವನನ್ನು ಎಲ್ಲರೂ ಕರೆಯುತ್ತಿದ್ದರು.

"ಬಾಗಿಲು ಮುಚ್ಚಿದ ಕಂಪನಿ, ತಂಗಿ. ವಿಚಾರಿಸೋಕೆ ಹೋದ್ರೆ ಫೋನ್ ಎತ್ತೋರೂ ಇಲ್ಲ. ಕಣ್ಣು ಮುಚ್ಕೊಂಡು ಬರಿ" ಎಂದಿದ್ದ.

ದೇವರ ಮುಂದೆ ಕೈಮುಗಿದು, ಕ್ಷಮಿಸು ಎಂದು ಬೇಡಿಕೊಂಡೇ ಅವಳು ಆ ಸಾಲು ಬರೆದಿದ್ದಳು. ಬೇರೆ ದಾರಿಯಿರಲಿಲ್ಲ. ಮಗಳು ಅತ್ತೆಯ ಮನೆಯಲ್ಲಿದ್ದಳು. ಅತ್ತೆ ಮುಂದಿನ ವಾರ ದೂರದೂರಿನ ಕಿರಿಮಗನ ಮನೆಗೆ ಹೊರಟಿದ್ದರು, ಮೊಮ್ಮಗಳನ್ನೂ ಕಟ್ಟಿಕೊಂಡು. "ಕೆಲಸ ಸಿಕ್ತು ಅನ್ನು, ನಿನ್ನ ಮಗು ನಿನಗೆ. ಇಲ್ಲಾಂದ್ರೆ ಉಪವಾಸ ಕೆಡವೋಕೆ ಕಳಿಸಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

"ಮಾತಾಡಿ ಸರ್, ತವರಿನವರು ಸಿಕ್ಕ ಹಾಗಾಯ್ತು" ಎಂದಳು ಹೆಂಗಸು.

ಮುಖ್ಯಸ್ಥ ಲೋಟವೆತ್ತಿ ನೀರು ಕುಡಿದ. ಅವಳನ್ನೇ ದಿಟ್ಟಿಸಿದ.

"ಯಾವ ಮಹಡೀಲಿ ಕೂರ್ತಿದ್ರಿ?"

ಸಿಕ್ಕಿಬಿದ್ದೆ ಎಂದುಕೊಂಡಳು. ಆ ಕಂಪನಿಯ ಕಟ್ಟಡವನ್ನು ಅವಳು ಕಂಡವಳೇ ಅಲ್ಲ. ಅವಳು ಚೆನ್ನಾಗಿ ಬಲ್ಲ ದೊಡ್ಡ ಕಟ್ಟಡ ಒಂದೇ, ಆಸ್ಪತ್ರೆಯದು. ಬಾಯಿಗೆ ಅದೇ ಬಂತು.

"ಮೂರನೇ ಮಹಡಿ ಸರ್. ಕಿಟಕಿ ಪಕ್ಕ."

"ಲಿಫ್ಟಲ್ಲಿ ಹೋಗ್ತಿದ್ರಾ?"

"ಲಿಫ್ಟ್ ಯಾವತ್ತು ಸರಿಯಿತ್ತು ಸರ್? ಮೆಟ್ಟಿಲೇ ಗತಿ. ಬೆಳಗ್ಗೆ ನೆಲ ಒರೆಸಿದ್ರೆ ಫಿನಾಯಿಲ್ ವಾಸನೆಗೆ ಮೂಗು ಮುಚ್ಕೋಬೇಕಿತ್ತು."

ಹೆಂಗಸು ಕಿಸಕ್ಕನೆ ನಕ್ಕಳು. "ಹೌದಾ ಸರ್? ನೀವು ಹೇಳೇ ಇಲ್ಲ!"

"ಹೌದು, ಹೌದು."

ಅವನು ಹೌದೆಂದದ್ದೇ ಅವಳ ಹೆದರಿಕೆಯನ್ನು ಇಮ್ಮಡಿಗೊಳಿಸಿತು. ಆಡಿಸುತ್ತಿದ್ದಾನೆ. ಸುಳ್ಳೆಲ್ಲ ಕಕ್ಕಿದ ಮೇಲೆ ಹಿಡಿಯುತ್ತಾನೆ.

"ರಾತ್ರಿ ಪಾಳಿ ಇತ್ತಾ?"

"ನನಗೇ ಬೀಳ್ತಿತ್ತು ಸರ್. ಕುರ್ಚೀಲೇ ಕೂತು ಬೆಳಗು ಮಾಡ್ತಿದ್ದೆ. ಪರದೆ ಮೇಲಿನ ಅಂಕಿ ಇಳಿದ್ರೆ ಓಡಿಹೋಗಿ ದೊಡ್ಡವರನ್ನ ಎಬ್ಬಿಸ್ಬೇಕಿತ್ತು."

"ಯಾಕೆ ಬಿಟ್ರಿ?"

"ಯಾರಿಗೋಸ್ಕರ ಹೋಗ್ತಿದ್ನೋ ಅವರೇ ಹೋಗ್ಬಿಟ್ರು ಸರ್. ಮಾರನೇ ದಿನದಿಂದ ಅಲ್ಲಿ ನನಗೇನೂ ಕೆಲಸ ಇರಲಿಲ್ಲ."

ಆ ಮುಖ ನೋಡಿದ ಯಾರಾದರೂ ಇವಳು ಅಲ್ಲಿಯವಳೇ ಎಂದು ಆಣೆ ಮಾಡಿ ಹೇಳುತ್ತಿದ್ದರು. ಮುಖ್ಯಸ್ಥ ಮತ್ತೆ ಲೋಟಕ್ಕೆ ಕೈಹಾಕಿದ. ಅದು ಖಾಲಿಯಾಗಿತ್ತು.

ವಾತಾವರಣ ತಿಳಿಮಾಡಲೆಂದು ಹೆಂಗಸೇ ಬಾಯಿಬಿಟ್ಟಳು. "ಸರ್ ಇಲ್ಲಿಗೆ ಬಂದು ವರ್ಷವೂ ಆಗಿಲ್ಲ. ನೀವಿಬ್ರೂ ಒಟ್ಟಿಗೇ ಇದ್ದಿರ್ಬೇಕು. ಆಗಲೂ ಹೀಗೇ ಮುಖ ಗಂಟು ಹಾಕ್ಕೊಂಡಿರ್ತಿದ್ರಾ?"

ಹೌದು ಎಂದು ನಕ್ಕಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳಲ್ಲಿ ಸುಳ್ಳು ತೀರಿಹೋಗಿತ್ತು. ಒಂದು ಮಾತನ್ನಾದರೂ ನಿಜ ಹೇಳೋಣ, ದೇವರು ಅದನ್ನಾದರೂ ಕೇಳಿಸಿಕೊಳ್ಳಲಿ ಎನಿಸಿತು.

"ಇಲ್ಲ ಮೇಡಂ. ಇವರನ್ನ ಅಲ್ಲಿ ನಾನು ಒಂದು ದಿನವೂ ನೋಡಿಲ್ಲ."

ಮುಖ್ಯಸ್ಥ ಅರ್ಜಿಯನ್ನು ಮಗುಚಿಟ್ಟ. "ಹೊರಗೆ ಕೂತಿರಿ."

ಹೊರಗೆ ಸರದಿ ಕಾಯುತ್ತಿದ್ದ ಹುಡುಗಿಯೊಬ್ಬಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಏನಕ್ಕಾ, ಒಳಗೆ ಕಡಿದೇ ಬಿಡ್ತಾರಾ, ಸುಮ್ನೆ ತೂಕ ನೋಡಿ ಕಳಿಸ್ತಾರಾ?" ಅವಳಿಗೆ ನಗು ಬರಲಿಲ್ಲ.

ತುಸು ಹೊತ್ತಿಗೆ ಹೆಂಗಸು ಬಂದಳು. ಮುಖ ಕೊಟ್ಟು ಮಾತಾಡಲಾರದೆ ನೆಲ ನೋಡಿದಳು.

"ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಿಲ್ಲಮ್ಮ. ನಾನೂ ಎಷ್ಟೋ ಹೇಳಿದೆ, ಸರ್ ಒಪ್ಪಲಿಲ್ಲ. ಅಲ್ಲಿ ಕೆಲಸ ಮಾಡಿದೋರು ಬೇಡವೇ ಬೇಡ ಅಂದ್ಬಿಟ್ರು."

ಹಿಡಿದೂ ಮಾನ ಕಳೆಯದೆ ಕಳಿಸಿದ್ದಾನೆ, ದೊಡ್ಡ ಮನುಷ್ಯ ಎಂದುಕೊಂಡಳು. ಸುಳ್ಳು ಬರೆದದ್ದಕ್ಕೆ ದೇವರು ಕೊಟ್ಟ ಶಿಕ್ಷೆ. ತಲೆಬಾಗಿ ಮೆಟ್ಟಿಲಿಳಿದಳು.

ಬೀದಿಯಲ್ಲಿ ನಿಂತು ಫೋನ್ ಮಾಡಿದಳು. "ಆಗಲಿಲ್ಲ ಅತ್ತೆ."

"ಮಗೂಗೆ ನಾನೇ ಹೇಳ್ತೀನಿ. ಹೊರಡೋ ಮುಂಚೆ ನೋಡೋಕೆ ಬರಬೇಡ. ನೋಡಿದ್ರೆ ಅತ್ತು ರಂಪ ಮಾಡುತ್ತೆ. ಅದರ ಸಂಕಟ ನನ್ನ ಕೈಲಿ ನೋಡೋಕಾಗಲ್ಲ."

ಫೋನ್ ಕಟ್ಟಾಯಿತು. ಅವಳ ಕಾಲು ಸರ್ಟಿಫಿಕೇಟ್ ಅಣ್ಣನ ಅಂಗಡಿಯತ್ತ ತಾನಾಗಿ ನಡೆಯಿತು. ಅವನು ಗಿರಾಕಿಯೊಬ್ಬನಿಗೆ ಕಾಗದ ಜೆರಾಕ್ಸ್ ಮಾಡಿಕೊಡುತ್ತಿದ್ದ.

"ಎಂಥ ಕಂಪನಿ ಹೆಸರು ಕೊಟ್ಟೆ ಅಣ್ಣಾ! ನನ್ನ ಮನೆ ಹಾಳಾಯ್ತು. ಅಲ್ಲೇ ವರ್ಷಗಟ್ಟಲೆ ದುಡಿದೋನು ನನ್ನೆದುರು ಕೂತಿದ್ದ!"

ಅವನು ಗಿರಾಕಿಯನ್ನು ಸಾಗಹಾಕಿದ. ಅವಳನ್ನು ಮಿಕಿಮಿಕಿ ನೋಡಿದ. ಆಮೇಲೆ ದನಿ ತಗ್ಗಿಸಿದ.

"ಅಲ್ಲಿ ಯಾರೂ ದುಡಿದಿಲ್ಲ ತಂಗಿ. ಮುಚ್ಚಿದೆ ಅಂದದ್ದು ನಿನ್ನ ಧೈರ್ಯಕ್ಕೆ. ಅಂಥ ಕಂಪನಿ ಯಾವತ್ತೂ ಇರಲೇ ಇಲ್ಲ, ಆ ಹೆಸರಿರೋದು ನನ್ನ ಹತ್ರ ಪತ್ರ ಕೊಂಡೋರ ಅರ್ಜಿಗಳಲ್ಲಿ ಮಾತ್ರ."