ಕಿಟಕಿ ಕಡೆಯ ಕುರ್ಚಿ

ಪಂಕಜಾ ಪೇಪರ್ ತಟ್ಟೆಯನ್ನು ಓರೆ ಮಾಡಿ ಗೇಟಿನ ಸರಳುಗಳ ನಡುವೆ ತೂರಿಸಿದಳು. ಪಲಾವಿನ ಒಂದಿಷ್ಟು ಅಗುಳು ಆಚೆ ಹಿಮದ ಮೇಲೆ ಬಿದ್ದವು.

ಆಚೆ ನಿಂತಿದ್ದವನು ಅಮರೇಶ್ವರ. ಪಕ್ಕದ ಕ್ರ್ಯಾನ್‌ಬರಿ ಊರಿನ ಗೋದಾಮಿನಲ್ಲಿ ಬೆನ್ನು ಮುರಿದುಕೊಂಡು ಕೆಲಸ ಹೋದ ಮೇಲೆ ಅವನಿಗೆ ದಿನದ ಒಂದೇ ಊಟ ಈ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟಿನದಾಗಿತ್ತು. ಸಿಸ್ಟರ್‌ಗಳು ಹಸಿದು ಬಂದವರ ಹೆಸರೂ ಕೇಳದೆ ಉದ್ದನೆಯ ಮೇಜಿಗೆ ಕೂರಿಸುತ್ತಿದ್ದರು, ತಾವೂ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದರು. ದುಡಿಯಲು ವೀಸಾ ಬಿಡದ ಪಂಕಜಾ ಅಲ್ಲಿ ಬಡಿಸಲು ಹೋಗುತ್ತಿದ್ದಳು. ಈಗ ಸಿಸ್ಟರ್‌ಗಳನ್ನು ದೂರದ ವೃದ್ಧಾಶ್ರಮಕ್ಕೆ ಕಳಿಸಿದ್ದಾರೆ. ಕಟ್ಟಡ ಕೊಂಡದ್ದು ಅವಳ ಗಂಡ ದಿವಾಕರನ ಡಾಟ್ ಕಾಮ್ ಕಂಪನಿ. ಇವತ್ತು ಅದರ ಓಪನಿಂಗ್ ಪಾರ್ಟಿ. ಊಟದ ಮೇಜಿನ ತುಂಬ ಕಂಪ್ಯೂಟರುಗಳು.

"ಪಂಕಜಾ, ಬೇಗ ಬಾರೇ, ಫೋಟೊ ತೆಗೀತಿದಾರೆ," ದಿವಾಕರ ಮೆಟ್ಟಿಲ ಮೇಲಿಂದ ಕೂಗಿದ. "ಬೇಕಾದ್ರೆ ಇನ್ನೊಂದು ಪ್ಲೇಟ್ ಕೊಡು. ನಾಳೆಯಿಂದ ಬರಬೇಡಿ ಅಂತ್ಲೂ ಹೇಳ್ಬಿಡು."

"ತಗೊಳ್ಳಿ ಅಂಕಲ್, ಆರಿ ಹೋಗುತ್ತೆ." ಪಂಕಜಾ ತಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. ಅಮರೇಶ್ವರನ ಕಣ್ಣು ಅನ್ನದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವನು ಅವಳ ಭುಜದಾಚೆ, ಊಟದ ಕೋಣೆಯತ್ತ ನೋಡಿದ. "ನನ್ನ ಕುರ್ಚಿ ಕಿಟಕಿ ಕಡೆ ಇತ್ತಲ್ಲ ತಂಗಿ, ಅಲ್ಲೇ ಕುಂದರ್ಸಿ ನೀಡ್ತಿಯೇನು?" ಅವಳು ತಿರುಗಿ ಮೆಟ್ಟಿಲತ್ತ ನೋಡಿದಳು. ದಿವಾಕರ ಆಗಲೇ ಒಳಗೆ ಹೋಗಿದ್ದ. ಗೇಟಿನ ಬೀಗದ ಕೈ ಅವನ ಹತ್ತಿರವಿತ್ತು. ಅಮರೇಶ್ವರ ಬೆರಳ ತುದಿಯಿಂದ ತಟ್ಟೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದ.

"ಒಲ್ಲೆ."